ಪಟ್ಟಣದ ಕೊಳಚೆ, ರೈತನ ಸಾಲ



ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ದಾಟುವಾಗ ಏನಾಯಿತು? ಪಟ್ಟಣದ ಕೊಳಚೆ, ಕಾರ್ಖಾನೆಗಳ ವಿಷ ಎರಡೂ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಬಿದ್ದವು. ಜಲಮಾಲಿನ್ಯ ತಡೆ ಕಾನೂನು ಬಂದದ್ದು 1974ರಲ್ಲಿ. ಐವತ್ತು ವರ್ಷ ದಾಟಿದರೂ ಕಾನೂನು ಕಡತದಲ್ಲೇ ಇದೆ.

ಕೊಳಚೆ ಶುದ್ಧಿ ಮಾಡೋದೇನು ಬ್ರಹ್ಮವಿದ್ಯೆಯಲ್ಲ. ಗಾಳಿ ಊದಿ, ಸೂಕ್ಷ್ಮಜೀವಿಗಳಿಗೆ ಹೊಲಸು ತಿನ್ನಿಸಿ, ತಿಳಿನೀರು ಬಿಡಬೇಕು. ಆದರೆ ಕಾರ್ಖಾನೆಯ ವಿಷ ಆ ಜೀವಿಗಳನ್ನೇ ಕೊಲ್ಲುತ್ತೆ. ಅದನ್ನು ಕಾರ್ಖಾನೆಯೊಳಗೇ ಶುದ್ಧಿ ಮಾಡಬೇಕು. ಆ ಖರ್ಚು ಉಳಿಸಿಕೊಂಡವರು ಯಾರು, ತೆತ್ತವರು ಯಾರು? ಬಾವಿ ಕೆಟ್ಟಿತೆಂದು ಸಾಲ ತಂದು ಬೋರು ಕೊರೆಸೋನು ರೈತ. ಬ್ಯಾಂಕಿನವರು ಬಡ್ಡಿ ಲೆಕ್ಕ ಹಾಕ್ತಾರೆ. ಕೆಟ್ಟ ನೀರಿನ ಲೆಕ್ಕ ಯಾರೂ ಹಾಕೋಲ್ಲ.

ಶುದ್ಧಿ ಮಾಡಿ ಬಿಡಿ, ಇಲ್ಲವೇ ನಷ್ಟ ಕಟ್ಟಿಕೊಡಿ. ವಸೂಲಿಗೆ ಬರೋ ಸಾಹೇಬರು ಮೊದಲು ಈ ಕೆರೆಯ ನೀರು ಒಂದು ಲೋಟ ಕುಡಿದು ತೋರಿಸಲಿ!