ಸಂಬಳದಲ್ಲಿ ತೆರಿಗೆ ಹೆಚ್ಚು ಕಡಿತವಾಗುತ್ತಿದೆಯೇ? ಸ್ಯಾಲರಿ ಸ್ಲಿಪ್ ಹಿಡಿದು ಲೆಕ್ಕ ಹಾಕೋಣ

12 ಲಕ್ಷದವರೆಗೆ ತೆರಿಗೆಯೇ ಇಲ್ಲ, ಆದರೂ ನಿಮ್ಮ ಸಂಬಳದಲ್ಲಿ ಟಿಡಿಎಸ್ ಹಿಡಿಯುತ್ತಿದ್ದರೆ ಕಂಪನಿ ನಿಮ್ಮ ಹಣ ನುಂಗುತ್ತಿದೆ ಎಂದರ್ಥ, ಕೂಡಲೇ ಎಲ್ಲರಿಗೂ ಕಳಿಸಿ. ಇಂಥ ಒಕ್ಕಣೆಯ ಸಂದೇಶ ನಿಮ್ಮ ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಕೆಲವರ ಸಂಬಳದಿಂದ ನಿಜವಾಗಿಯೂ ಬೇಕಾದ್ದಕ್ಕಿಂತ ಹೆಚ್ಚು ತೆರಿಗೆ ಹೋಗುತ್ತಿರುತ್ತದೆ. ಆದರೆ ಅದಕ್ಕೆ ಕಾರಣ ಹೆಚ್ಚಿನ ಸಲ ಕಂಪನಿಯ ಮೋಸವಲ್ಲ, ಕಂಪನಿಗೆ ತಿಳಿಯದೇ ಹೋದ ಒಂದು ಮಾಹಿತಿ. ಹೋದ ಹಣ ವಾಪಸ್ ಬರುತ್ತದೆ, ಆದರೆ ಕೇಳಿದರೆ ಮಾತ್ರ.

ಇಲ್ಲಿ ಹೇಳುವ ದರಗಳೆಲ್ಲ 2025-26ನೇ ಹಣಕಾಸು ವರ್ಷದವು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬರುವುದರಿಂದ ಕಲಂಗಳ ಸಂಖ್ಯೆ ಬದಲಾಗುತ್ತದೆ. ಲೆಕ್ಕ ಹಾಕುವ ದಾರಿ ಅದೇ.

ಕಡಿತವಾದದ್ದೆಲ್ಲ ತೆರಿಗೆಯಲ್ಲ

ಮೊದಲು ಸ್ಯಾಲರಿ ಸ್ಲಿಪ್‌ನ ಬಲಗಡೆ, ಕಡಿತಗಳ ಪಟ್ಟಿ ನೋಡಿ. ಅಲ್ಲಿ ಪಿಎಫ್ ಇರುತ್ತದೆ: ಮೂಲ ವೇತನ ಮತ್ತು ಡಿಎ ಸೇರಿದ ಮೊತ್ತದ ಶೇ 12. ಅದು ನಿಮ್ಮದೇ ಉಳಿತಾಯ. ತಿಂಗಳ ಸಂಬಳ 21,000 ರೂಪಾಯಿ ಮೀರದಿದ್ದರೆ ಶೇ 0.75ರಷ್ಟು ಇಎಸ್ಐ ಇರಬಹುದು. ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಹೆಚ್ಚು ಪಡೆಯುವವರಿಗೆ 200 ರೂಪಾಯಿ ವೃತ್ತಿ ತೆರಿಗೆ. ಇದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ, ಆದಾಯ ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ. ಫೆಬ್ರುವರಿಯಲ್ಲಿ ಮಾತ್ರ 300 ಕಂಡರೆ ಗಾಬರಿಯಾಗಬೇಡಿ. ಸಂವಿಧಾನ ಈ ತೆರಿಗೆಗೆ ವರ್ಷಕ್ಕೆ 2,500ರ ಮಿತಿ ಹಾಕಿದೆ, ಆ ಮಿತಿ ಮುಟ್ಟಲೆಂದೇ 2025ರ ತಿದ್ದುಪಡಿಯಲ್ಲಿ ಈ ನೂರು ರೂಪಾಯಿ ಸೇರಿಕೊಂಡಿತು.

ಇವೆಲ್ಲ ಬಿಟ್ಟು ಉಳಿಯುವ ಟಿಡಿಎಸ್ ಅಥವಾ ಇನ್‌ಕಮ್ ಟ್ಯಾಕ್ಸ್ ಎಂಬ ಸಾಲೇ ನಮ್ಮ ವಿಷಯ.

ಕಂಪನಿ ಲೆಕ್ಕ ಹಾಕುವುದು ತಿಂಗಳಿಗಲ್ಲ, ವರ್ಷಕ್ಕೆ

ಇಲ್ಲೇ ಹೆಚ್ಚಿನವರು ಎಡವುವುದು. ಕಂಪನಿ ನಿಮ್ಮ ಈ ತಿಂಗಳ ಸಂಬಳಕ್ಕೆ ತೆರಿಗೆ ಹಾಕುವುದಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಿಮಗೆ ಒಟ್ಟು ಎಷ್ಟು ಸಿಗಬಹುದು ಎಂದು ಅಂದಾಜು ಮಾಡಿ, ಅದರ ಮೇಲಿನ ಪೂರ್ತಿ ವರ್ಷದ ತೆರಿಗೆ ಲೆಕ್ಕ ಹಾಕಿ, ಈಗಾಗಲೇ ಹಿಡಿದದ್ದನ್ನು ಕಳೆದು, ಉಳಿದದ್ದನ್ನು ಬಾಕಿ ತಿಂಗಳುಗಳಿಗೆ ಹಂಚುತ್ತದೆ. ಇದೇ ಲೆಕ್ಕವನ್ನು ನೀವೂ ಮಾಡಬಹುದು. ಅದಕ್ಕೆ ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ಸಾಕು.

ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ ಪ್ರತಿ 4 ಲಕ್ಷಕ್ಕೆ ದರ ಶೇ 5, 10, 15, 20, 25 ಎಂದು ಏರುತ್ತದೆ. 24 ಲಕ್ಷ ದಾಟಿದ ಭಾಗಕ್ಕೆ ಶೇ 30. ಬಂದ ಮೊತ್ತದ ಮೇಲೆ ಶೇ 4ರ ಸೆಸ್. ಇದಕ್ಕೂ ಮೊದಲು ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಅದನ್ನು ಕಳೆದ ಮೇಲೆ ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಅಥವಾ ಕಡಿಮೆ ಇದ್ದರೆ, 60,000 ರೂಪಾಯಿವರೆಗಿನ ತೆರಿಗೆ ಪೂರ್ತಿ ಮಾಫಿ. ಸಂಬಳ 12.75 ಲಕ್ಷದವರೆಗೆ ಇದ್ದರೆ ತೆರಿಗೆ ಸೊನ್ನೆ ಎಂಬ ಮಾತು ಬಂದದ್ದು ಹೀಗೆ. ಶೇರು ಮಾರಿದ ಲಾಭದಂಥ, ವಿಶೇಷ ದರದ ತೆರಿಗೆ ಇರುವ ಆದಾಯಕ್ಕೆ ಈ ಮಾಫಿ ಅನ್ವಯಿಸುವುದಿಲ್ಲ. ಫಾರ್ವರ್ಡ್‌ಗಳು ಹೇಳದ ಸಂಗತಿ ಇದು.

ತಿಂಗಳಿಗೆ 1,20,000 ಪಡೆಯುವವರನ್ನು ತೆಗೆದುಕೊಳ್ಳಿ. ವರ್ಷಕ್ಕೆ 14,40,000. ಇದರಲ್ಲಿ 75,000 ಕಳೆದರೆ 13,65,000. ಎರಡನೇ 4 ಲಕ್ಷಕ್ಕೆ 20,000, ಮೂರನೇ 4 ಲಕ್ಷಕ್ಕೆ 40,000, ಉಳಿದ 1,65,000ಕ್ಕೆ ಶೇ 15ರಂತೆ 24,750. ಒಟ್ಟು 84,750, ಸೆಸ್ ಸೇರಿ 88,140. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,345. ಸ್ಲಿಪ್‌ನಲ್ಲಿ ಇದರ ಆಸುಪಾಸಿನ ಮೊತ್ತವಿದ್ದರೆ ಎಲ್ಲ ಸರಿಯಾಗಿದೆ.

ಲೆಕ್ಕಕ್ಕೆ ಸಿಟಿಸಿ ತೆಗೆದುಕೊಳ್ಳಬೇಡಿ. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಯಿಟಿ ಎಲ್ಲವನ್ನೂ ಸಿಟಿಸಿಯಲ್ಲಿ ತುಂಬಿರುತ್ತಾರೆ. ಸ್ಲಿಪ್‌ನ ಎಡಗಡೆಯ ಒಟ್ಟು ಗಳಿಕೆಯೇ ಸರಿಯಾದ ಸಂಖ್ಯೆ. ಹಾಗೆಯೇ, ಹೊಸ ಪದ್ಧತಿಯಲ್ಲಿ ನೀವು ಕಟ್ಟುವ ಪಿಎಫ್ ಮತ್ತು ವೃತ್ತಿ ತೆರಿಗೆಗೆ ವಿನಾಯಿತಿ ಇಲ್ಲ, ಅವನ್ನು ಕಳೆಯಬೇಡಿ.

ಸಂಬಳ 12.75 ಲಕ್ಷವನ್ನು ಸ್ವಲ್ಪವೇ ದಾಟಿದವರು ಒಂದು ವಿಷಯ ಗಮನಿಸಬೇಕು. ಸಂಬಳ 13 ಲಕ್ಷವಾದರೆ ತೆರಿಗೆಗೆ ಒಳಪಡುವ ಆದಾಯ 12,25,000. ದರಗಳ ಪ್ರಕಾರ ತೆರಿಗೆ 63,750 ಆಗುತ್ತದೆ. ಆದರೆ 25,000 ಹೆಚ್ಚು ದುಡಿದದ್ದಕ್ಕೆ 63,750 ಕಟ್ಟುವುದು ಅನ್ಯಾಯವಲ್ಲವೇ? ಹಾಗಾಗಿ ತೆರಿಗೆಯು 12 ಲಕ್ಷ ಮೀರಿದ ಮೊತ್ತವನ್ನು, ಅಂದರೆ 25,000ವನ್ನು ಮೀರಬಾರದು ಎಂಬ ನಿಯಮವಿದೆ. ಸೆಸ್ ಸೇರಿ 26,000. ನಿಮ್ಮ ಕಂಪನಿಯ ಲೆಕ್ಕದ ಹಾಳೆಯಲ್ಲಿ ಮಾರ್ಜಿನಲ್ ರಿಲೀಫ್ ಎಂಬ ಸಾಲು ಕಾಣದಿದ್ದರೆ ಕೇಳಿ.

ಬೋನಸ್‌ಗೆ ಬೇರೆ ತೆರಿಗೆಯೇ?

ಇಲ್ಲ. ಮೇಲಿನ ಉದ್ಯೋಗಿಗೆ ನವೆಂಬರ್‌ನಲ್ಲಿ 1,20,000 ಬೋನಸ್ ಬಂತೆನ್ನಿ. ವರ್ಷದ ಅಂದಾಜು ಅಷ್ಟು ಏರುತ್ತದೆ. ಅದರ ಮೇಲೆ ಶೇ 15 ಮತ್ತು ಸೆಸ್ ಸೇರಿ 18,720 ಹೆಚ್ಚುವರಿ ತೆರಿಗೆ. ಕೆಲವು ಕಂಪನಿಗಳು ಇದನ್ನು ಮಾರ್ಚ್‌ವರೆಗೆ ಹಂಚುತ್ತವೆ, ಕೆಲವು ಆ ತಿಂಗಳೇ ಪೂರ್ತಿ ಹಿಡಿಯುತ್ತವೆ. ಎರಡನೆಯದರಲ್ಲಿ ಆ ಒಂದು ತಿಂಗಳ ಟಿಡಿಎಸ್ 26,065 ಆಗಿ ಕಾಣುತ್ತದೆ, ಎದೆ ಧಸಕ್ಕೆನ್ನುತ್ತದೆ. ವರ್ಷದ ಲೆಕ್ಕದಲ್ಲಿ ಎರಡೂ ಒಂದೇ. ಒಂದು ಹಂತ ದಾಟಿದರೆ ಇಡೀ ಸಂಬಳಕ್ಕೆ ಮೇಲಿನ ದರ ಬೀಳುತ್ತದೆ ಎಂಬುದೂ ಇದೇ ಜಾತಿಯ ಮಾತು. ಹೊಸ ದರ ಬೀಳುವುದು ಗಡಿ ದಾಟಿದ ಭಾಗಕ್ಕೆ ಮಾತ್ರ.

ಹಾಗಾದರೆ ಹೆಚ್ಚು ಕಡಿತ ನಿಜವಾಗಿ ಆಗುವುದು ಎಲ್ಲಿ?

ಮೊದಲ ಜಾಗ, ಹಳೇ ಪದ್ಧತಿ. ನೀವು ಏನೂ ತಿಳಿಸದಿದ್ದರೆ ಕಂಪನಿ ಹೊಸ ಪದ್ಧತಿಯನ್ನೇ ಹಿಡಿಯಬೇಕು. ಆದರೆ ಹಲವರು ಅಭ್ಯಾಸಬಲದಿಂದ ಏಪ್ರಿಲ್‌ನಲ್ಲಿ ಹಳೆಯದನ್ನೇ ಟಿಕ್ ಮಾಡಿರುತ್ತಾರೆ. ತಿಂಗಳಿಗೆ 80,000 ಪಡೆಯುವವರಿಗೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಅವರೇ ಹಳೆಯದನ್ನು ಆರಿಸಿ, ಉಳಿತಾಯದ ದಾಖಲೆ ಒಂದೂ ಲೆಕ್ಕಕ್ಕೆ ಬಾರದಿದ್ದರೆ, ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಮತ್ತು ವೃತ್ತಿ ತೆರಿಗೆ ಕಳೆದ ಮೇಲೂ ವರ್ಷಕ್ಕೆ 97,760 ಕಟ್ಟಬೇಕಾಗುತ್ತದೆ. ತಿಂಗಳಿಗೆ ಸುಮಾರು 8,147. ಒಂದು ಟಿಕ್ ಗುರುತಿನ ಬೆಲೆ ಅದು! ಸಮಾಧಾನದ ಸಂಗತಿಯೆಂದರೆ, ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಬಹುದು. ಕಂಪನಿಗೆ ಹೇಳಿದ್ದೇ ಅಂತಿಮವಲ್ಲ.

ಹಳೇ ಪದ್ಧತಿಯೇ ಲಾಭ ಎನ್ನುವವರಿಗೆ ಜನವರಿಯಿಂದ ಮಾರ್ಚ್ ಕಷ್ಟದ ಕಾಲ. ಬಾಡಿಗೆ ರಸೀದಿ, ವಿಮೆಯ ಕಂತು, ಗೃಹಸಾಲದ ಪತ್ರ ಕೊಡದಿದ್ದರೆ ಇಡೀ ವರ್ಷದ ತೆರಿಗೆ ಆ ಮೂರು ತಿಂಗಳಲ್ಲಿ ಕಡಿತವಾಗುತ್ತದೆ. ಇನ್ನು ಬೆಂಗಳೂರಿನವರು ಗಮನಿಸಬೇಕಾದ್ದು: ಆ ವರ್ಷದ ನಿಯಮದಲ್ಲಿ ಮನೆ ಬಾಡಿಗೆ ಭತ್ಯೆಯ ಲೆಕ್ಕಕ್ಕೆ ಮಹಾನಗರವೆಂದರೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಮಾತ್ರ. ಬೆಂಗಳೂರಿನ ಬಾಡಿಗೆ ಎಷ್ಟೇ ಆಕಾಶಕ್ಕೇರಿದ್ದರೂ ಇಲ್ಲಿನ ಮಿತಿ ಸಂಬಳದ ಶೇ 50 ಅಲ್ಲ, ಶೇ 40. ವಿಚಿತ್ರ ಎನಿಸಬಹುದು, ಆದರೆ ಕಂಪನಿ ತಪ್ಪು ಮಾಡಿಲ್ಲ.

ಎರಡನೆಯದು ಹೆಚ್ಚು ನೋವಿನದು, ಮತ್ತು ಹೆಚ್ಚಿನವರಿಗೆ ಹೊಳೆಯದೇ ಇರುವುದು: ವರ್ಷದ ನಡುವೆ ಕೆಲಸ ಹೋದವರು. ಮೇಲಿನ 1,20,000 ಸಂಬಳದವರ ಕೆಲಸ ಅಕ್ಟೋಬರ್ ಕೊನೆಗೆ ಹೋಯಿತು, ಮಾರ್ಚ್‌ವರೆಗೆ ಬೇರೆ ಸಿಗಲಿಲ್ಲ ಎಂದುಕೊಳ್ಳಿ. ಹನ್ನೆರಡು ತಿಂಗಳ ಸಂಬಳ ಬರುತ್ತದೆಂಬ ಅಂದಾಜಿನಲ್ಲಿ ಏಳು ತಿಂಗಳು ಹಿಡಿದ ತೆರಿಗೆ 51,415. ಆದರೆ ಅವರಿಗೆ ನಿಜವಾಗಿ ಬಂದದ್ದು 8,40,000. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 7,65,000, ಮಾಫಿಯ ಮಿತಿಯ ಒಳಗೆ. ಬೇರೆ ಆದಾಯವಿಲ್ಲದಿದ್ದರೆ ಕಟ್ಟಬೇಕಾದ ತೆರಿಗೆ ಸೊನ್ನೆ, 51,415 ಪೂರ್ತಿ ಅವರದ್ದು. ಕೆಲಸವಿಲ್ಲದ ಮನೆಗೆ ಇದು ಎಷ್ಟು ದೊಡ್ಡ ಮೊತ್ತ ಎಂದು ಬೇರೆ ಹೇಳಬೇಕಿಲ್ಲ. ಕೆಲಸವೇ ಇಲ್ಲ, ಇನ್ನೇನು ರಿಟರ್ನ್ ಎಂದು ಸುಮ್ಮನಾದರೆ ಆ ಹಣ ತಾನಾಗಿ ಬರುವುದಿಲ್ಲ. ಅದೇ ವರ್ಷ ಬೇರೆ ಕೆಲಸ ಸಿಕ್ಕರೆ ಹಳೇ ಕಂಪನಿಯ ಸಂಬಳ ಮತ್ತು ಟಿಡಿಎಸ್ ಎರಡನ್ನೂ ಫಾರ್ಮ್ 12ಬಿಯಲ್ಲಿ ಹೊಸ ಕಂಪನಿಗೆ ಕೊಡಿ.

ಮೂರನೆಯದು, ಕನ್ಸಲ್ಟಂಟ್ ಎಂಬ ಹೆಸರಿನ ಉದ್ಯೋಗಿಗಳು. ಆಸ್ಪತ್ರೆ, ಕಾಲೇಜು, ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲಿ ದಿನವೂ ಎಲ್ಲರಂತೆ ಕೆಲಸ ಮಾಡುವವರಿಗೂ ಕಾಗದದಲ್ಲಿ ಸಂಬಳವಲ್ಲ, ವೃತ್ತಿ ಶುಲ್ಕ ಕೊಡುವುದುಂಟು. ಅದಕ್ಕೆ ನೇರವಾಗಿ ಶೇ 10 ಕಡಿತ. ತಿಂಗಳಿಗೆ 40,000 ಪಡೆದರೆ ವರ್ಷಕ್ಕೆ 48,000 ಹೋಗುತ್ತದೆ, ತೆರಿಗೆ ಬರಬೇಕಾದ್ದು ಮಾತ್ರ ಸೊನ್ನೆ. ಇಂಥವರಿಗೆ ಪಿಎಫ್ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಆದರೆ ಆದಾಯ ತೆರಿಗೆ ಇಲಾಖೆಗೆ ಫಾರ್ಮ್ 13ರಲ್ಲಿ ಅರ್ಜಿ ಹಾಕಿ, ಕಡಿಮೆ ದರದ ಅಥವಾ ಕಡಿತವೇ ಬೇಡವೆನ್ನುವ ಪ್ರಮಾಣಪತ್ರ ಪಡೆಯುವ ದಾರಿಯಿದೆ. ವರ್ಷಾನುಗಟ್ಟಲೆ ಹಣ ಬಿಟ್ಟುಕೊಟ್ಟವರಲ್ಲಿ ಇವರೇ ಹೆಚ್ಚಿರಬೇಕು ಎಂದು ನನ್ನ ಅನುಮಾನ.

ಪ್ಯಾನ್ ಕೊಡದಿದ್ದರೆ ಅಥವಾ ಅಂಕಿ ತಪ್ಪಿದ್ದರೆ ತೆರಿಗೆಗೆ ಒಳಪಡುವ ಸಂಬಳಕ್ಕೂ ಕನಿಷ್ಠ ಶೇ 20 ಕಡಿತವಾಗುತ್ತದೆ. ಒಮ್ಮೆ ನೋಡಿಕೊಳ್ಳಿ. 10 ಲಕ್ಷ ಮೀರಿದ ಕಾರು ಕೊಂಡವರಿಗೆ ಶೋರೂಮಿನಲ್ಲೇ ಶೇ 1 ಟಿಸಿಎಸ್ ಹಿಡಿದಿರುತ್ತಾರೆ. ಅದನ್ನೂ ಫಾರ್ಮ್ 12ಬಿಎಎಯಲ್ಲಿ ಕಂಪನಿಗೆ ತಿಳಿಸಿ ಸಂಬಳದ ಟಿಡಿಎಸ್ ತಗ್ಗಿಸಿಕೊಳ್ಳಬಹುದು.

ಹಿಡಿದ ಹಣ ಸರ್ಕಾರಕ್ಕೆ ಸೇರಿದೆಯೇ?

ಕಂಪನಿ ನುಂಗುತ್ತಿದೆ ಎಂಬ ಅನುಮಾನಕ್ಕೆ ಉತ್ತರ ಫಾರ್ಮ್ 26ಎಎಸ್‌ನಲ್ಲಿದೆ. ಆದಾಯ ತೆರಿಗೆ ಪೋರ್ಟಲ್‌ಗೆ ಪ್ಯಾನ್ ಹಾಕಿ ಲಾಗಿನ್ ಆದರೆ, ನಿಮ್ಮ ಹೆಸರಿನಲ್ಲಿ ಯಾರು ಎಷ್ಟು ಕಟ್ಟಿದ್ದಾರೆ ಎಂಬುದು ಕಾಣುತ್ತದೆ. ಆದರೆ ಈ ತಿಂಗಳದ್ದು ಈ ತಿಂಗಳೇ ಕಾಣುವುದಿಲ್ಲ. ಕಂಪನಿಗಳು ವಿವರ ಸಲ್ಲಿಸುವುದು ಮೂರು ತಿಂಗಳಿಗೊಮ್ಮೆ: ಏಪ್ರಿಲ್‌ನಿಂದ ಜೂನ್‌ವರೆಗಿನದಕ್ಕೆ ಜುಲೈ 31 ಕೊನೆ, ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ಮೇ 31. ಆ ದಿನ ಕಳೆದು ಒಂದೆರಡು ವಾರವಾದರೂ ಕಾಣದಿದ್ದರೆ ಕಂಪನಿಗೆ ಲಿಖಿತವಾಗಿ, ಇಮೇಲ್‌ನಲ್ಲೇ ಕೇಳಿ. ಸಂಬಳದಿಂದ ಹಿಡಿದು ಕಂಪನಿ ಕಟ್ಟದೇ ಹೋದರೆ, ಅದೇ ತೆರಿಗೆಯನ್ನು ಮತ್ತೆ ನಿಮ್ಮಿಂದ ಕೇಳುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಅದಕ್ಕೆ ಸಾಕ್ಷಿ ನಿಮ್ಮ ಸ್ಲಿಪ್‌ಗಳು, ಹಾಗಾಗಿ ಹನ್ನೆರಡನ್ನೂ ಉಳಿಸಿಟ್ಟುಕೊಳ್ಳಿ.

ಹೆಚ್ಚು ಹೋಗಿದೆ ಎಂದು ಖಚಿತವಾದರೆ

ಹಣಕಾಸು ವರ್ಷ ಮುಗಿದಿಲ್ಲವೆಂದರೆ ಸುಲಭ. ಸಂಬಳ ವಿಭಾಗಕ್ಕೆ ಲೆಕ್ಕ ಕಳಿಸಿ. ಹೆಚ್ಚು ಹಿಡಿದದ್ದನ್ನು ಅದೇ ವರ್ಷದ ಮುಂದಿನ ತಿಂಗಳುಗಳಲ್ಲಿ ಸರಿದೂಗಿಸಲು ಕಂಪನಿಗೆ ಅಧಿಕಾರವಿದೆ. ಮಾರ್ಚ್ ಕಳೆದಿದ್ದರೆ ಉಳಿಯುವುದು ರಿಟರ್ನ್ ದಾರಿ. ಜೂನ್ 15ರೊಳಗೆ ಕಂಪನಿ ಫಾರ್ಮ್ 16 ಕೊಡಬೇಕು, ಸಂಬಳದಾರರು ರಿಟರ್ನ್ ಸಲ್ಲಿಸಲು ಸಾಮಾನ್ಯವಾಗಿ ಜುಲೈ 31 ಕೊನೆ. ತಪ್ಪಿದರೆ ಡಿಸೆಂಬರ್ 31ರವರೆಗೆ ಅವಕಾಶವಿದೆ, ಆದರೆ ಆದಾಯ 5 ಲಕ್ಷ ಮೀರಿದ್ದರೆ 5,000, ಇಲ್ಲವಾದರೆ 1,000 ತಡ ಶುಲ್ಕ ಬೀಳಬಹುದು, ಹಳೇ ಪದ್ಧತಿ ಆರಿಸಲೂ ಆಗುವುದಿಲ್ಲ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಮೂಲಕವೋ ಬೇರೆ ದಾರಿಯಲ್ಲೋ ದೃಢೀಕರಿಸಬೇಕು. ಹಲವರ ರೀಫಂಡ್ ಸಿಕ್ಕಿಕೊಳ್ಳುವುದೇ ಈ ಕೊನೆಯ ಹೆಜ್ಜೆಯಲ್ಲಿ. ಸಮಯಕ್ಕೆ ಸಲ್ಲಿಸಿದವರಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ 0.5 ಬಡ್ಡಿಯೂ ಸೇರುತ್ತದೆ, ರೀಫಂಡ್ ತೀರಾ ಸಣ್ಣದಲ್ಲದಿದ್ದರೆ.

ರೀಫಂಡ್ ಬರುವುದು ಪೋರ್ಟಲ್‌ನಲ್ಲಿ ನೀವು ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೆ, ನೇರವಾಗಿ. ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ ಕಾರ್ಡ್ ಸಂಖ್ಯೆ ತುಂಬಿ ಎಂದು ಬರುವ ಎಸ್ಎಂಎಸ್ ಇಲಾಖೆಯದ್ದಲ್ಲ. ಜುಲೈ, ಆಗಸ್ಟ್‌ನಲ್ಲಿ ಹೇಗೂ ಎಲ್ಲರೂ ರೀಫಂಡ್‌ಗಾಗಿ ಕಾಯುತ್ತಿರುತ್ತಾರೆ, ವಂಚಕರಿಗೂ ಅದು ಗೊತ್ತು. ಇಲಾಖೆ ಕಾರ್ಡಿನ ಪಿನ್ನನ್ನಾಗಲಿ ಬ್ಯಾಂಕಿನ ಒಟಿಪಿಯನ್ನಾಗಲಿ ಕೇಳುವುದಿಲ್ಲ. ನಿಮ್ಮ ರೀಫಂಡ್ ಎಲ್ಲಿಗೆ ಬಂತು ಎಂದು ತಿಳಿಯಬೇಕಿದ್ದರೆ ನೀವೇ ಪೋರ್ಟಲ್ ವಿಳಾಸ ಟೈಪ್ ಮಾಡಿ ಒಳಹೋಗಿ ನೋಡಿ.