ಒಂದಕ್ಷರದ ಹೆಸರಿಗೂ ಜಾಗವಿರಲಿ

ಪುಣೆಗೆ ಬಂದ ಹೊಸದರಲ್ಲಿ ಆನ್‌ಲೈನ್ ಅರ್ಜಿಯೊಂದನ್ನು ತುಂಬುತ್ತಿದ್ದೆ. ಹಳೇ ಮೈಸೂರು ಕಡೆಯ ಅನೇಕರಂತೆ ನನಗೂ ಸರ್‌ನೇಮ್ ಇಲ್ಲ, ಇರುವುದು ‘ಎಂ’ ಎಂಬ ಇನಿಷಿಯಲ್ ಮಾತ್ರ. ‘ಲಾಸ್ಟ್ ನೇಮ್’ ಜಾಗದಲ್ಲಿ ಅದನ್ನು ಹಾಕಿದರೆ ‘ಕನಿಷ್ಠ ಎರಡು ಅಕ್ಷರ ಬೇಕು’ ಎಂದು ಕೆಂಪು ಸಾಲು ಬಂತು. ಕೊನೆಗೆ ಊರಿನ ಹೆಸರು ತುರುಕಿ ಪಾರಾದೆ. ಈಗ ಆ ದಾಖಲೆಯಲ್ಲೊಂದು ಹೆಸರು, ಆಧಾರ್‌ನಲ್ಲೊಂದು ಹೆಸರು.

ನಾನೂ ವೆಬ್ ಡೆವಲಪರ್. ಪುಟದ ಸೋರ್ಸ್ ತೆರೆದು ನೋಡಿದರೆ ಆ ಬಾಕ್ಸಿನ ಟ್ಯಾಗ್‌ನಲ್ಲೇ ‘ಮಿನ್‌ಲೆಂಗ್ತ್’ ಎಂಬ ಆಟ್ರಿಬ್ಯೂಟ್, ಅದರ ಬೆಲೆ 2.

ಇಂಥ ನಿಯಮಗಳನ್ನು ಎಚ್‌ಟಿಎಂಎಲ್‌ನಲ್ಲಿ ಇಡಬಾರದು, ಎಲ್ಲವೂ ಜಾವಾಸ್ಕ್ರಿಪ್ಟ್‌ನಲ್ಲಿರಲಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ‘ರಿಕ್ವೈರ್ಡ್’, ‘ಪ್ಯಾಟರ್ನ್’ ಮುಂತಾದವನ್ನು ಬ್ರೌಸರ್ ತಾನೇ ಓದಿ ತಪ್ಪು ತೋರಿಸುತ್ತದೆ. ಯಾವ ಮಾಹಿತಿ ಕಡ್ಡಾಯವೆಂದು ಅಂಧರು ಬಳಸುವ ಸ್ಕ್ರೀನ್ ರೀಡರ್‌ಗೂ ತಿಳಿಯುತ್ತದೆ. ನಿಯಮ ಬಾಕ್ಸಿನ ಪಕ್ಕದಲ್ಲೇ ಇದ್ದುದರಿಂದ ತಾನೇ ತಪ್ಪು ಎಲ್ಲಿದೆಯೆಂದು ನನಗೆ ಕ್ಷಣದಲ್ಲಿ ಸಿಕ್ಕಿದ್ದು? ಹಾಗೆಂದು ಅದನ್ನೇ ನಂಬಿ ಕೂರುವಂತಿಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಯಾರು ಬೇಕಾದರೂ ಆ ಆಟ್ರಿಬ್ಯೂಟ್ ಅಳಿಸಬಹುದು. ಸರ್ವರ್‌ನಲ್ಲಿ ಮತ್ತೆ ಪರೀಕ್ಷಿಸಲೇಬೇಕು. ಎರಡೂ ಕಡೆ ಬೇರೆ ಬೇರೆ ಬರೆದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೇವೆ. ನಿಯಮ ಸರ್ವರ್‌ನಲ್ಲಿ ಒಂದೇ ಕಡೆ ಇರಲಿ, ಆಟ್ರಿಬ್ಯೂಟ್‌ಗಳು ಅದರಿಂದಲೇ ತಯಾರಾಗಲಿ.

ಆದರೆ ನಿಯಮವೇ ತಪ್ಪಾಗಿದ್ದರೆ ಅದನ್ನು ಎಲ್ಲಿಟ್ಟರೂ ಅಷ್ಟೇ. ‘ಪ್ಯಾಟರ್ನ್’ನಲ್ಲಿ ಎ ಇಂದ ಜೆಡ್ ಎಂದಷ್ಟೇ ಬರೆದರೆ ಕನ್ನಡದಲ್ಲಿ ಟೈಪ್ ಮಾಡಿದ ಹೆಸರು ಒಳಗೇ ಬರದು. ಯೂನಿಕೋಡ್‌ನ ‘ಲೆಟರ್’ ವರ್ಗ ಸೇರಿಸಿದರೂ ಸಾಲದು. ನಮ್ಮ ಗುಣಿತ ಚಿಹ್ನೆಗಳು, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ ‘ಮಾರ್ಕ್’ ಎಂಬ ಬೇರೆ ವರ್ಗದಲ್ಲಿವೆ. ಅದನ್ನು ಬಿಟ್ಟರೆ ‘ಕಮಲ’ ಪಾಸು, ‘ಗಿರಿಜಾ’ ಫೇಲು. ‘ಮ್ಯಾಕ್ಸ್‌ಲೆಂಗ್ತ್’ ಲೆಕ್ಕವೂ ಹಾಗೆಯೇ: ‘ಕೃಷ್ಣ’ ನಮ್ಮ ಕಣ್ಣಿಗೆ ಎರಡಕ್ಷರ, ಬ್ರೌಸರ್‌ಗೆ 5.

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಇಂಥ ಫಾರಂ ಬರೆಯುವ ಕೆಲಸದಲ್ಲಿ ನಮ್ಮವರೇ ಎಷ್ಟೋ ಮಂದಿ ಇದ್ದೇವೆ. ‘ಕ್ಲೈಂಟ್ ಕೇಳಿದ್ದು ಇಷ್ಟೇ’ ಎಂದು ನಾನೂ ಹಿಂದೆ ಎಷ್ಟೋ ಬಾರಿ ಹಳೆಯ ಪ್ಯಾಟರ್ನನ್ನೇ ಕಾಪಿ ಮಾಡಿ ಅಂಟಿಸಿದ್ದೇನೆ. ಈಗ ಹೆಸರಿನ ಬಾಕ್ಸಿಗೆ ಖಾಲಿ ಬಿಡಬಾರದು ಎಂಬುದರಾಚೆ ಯಾವ ನಿಯಮ ಹಾಕುವ ಮೊದಲೂ ಏಕೆ ಎಂದು ಕೇಳುತ್ತೇನೆ. ನೀವೂ ಮುಂದಿನ ಫಾರಂ ಕಳಿಸುವ ಮುನ್ನ ನಿಮ್ಮ ಮನೆಯವರೆಲ್ಲರ ಹೆಸರನ್ನು ಇನಿಷಿಯಲ್ ಸಮೇತ, ಕನ್ನಡದಲ್ಲೂ ಒಮ್ಮೆ ಅದರಲ್ಲಿ ತುಂಬಿ ನೋಡಿ.