ಅದೂ ಒಂದು ಟ್ರೆಕ್ಕಾ?

ಮೈಸೂರಲ್ಲಿ ನಾಲ್ಕು ವರ್ಷ ಓದಿ, ಚಾಮುಂಡಿ ಬೆಟ್ಟಕ್ಕೆ ಹತ್ತಾರು ಸಲ ಬೈಕಲ್ಲಿ ಹೋಗಿಬಂದು, ಒಂದೇ ಒಂದು ಸಲವೂ ಮೆಟ್ಟಿಲು ಹತ್ತದೆ ಡಿಗ್ರಿ ಮುಗಿಸಿಕೊಂಡು ಹೋಗುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. 'ಭಾನುವಾರ ಮೆಟ್ಟಿಲು ಹತ್ತೋಣ ಬನ್ರೋ' ಅಂದರೆ ಬರುವ ಉತ್ತರ ಒಂದೇ: 'ಮಗಾ, ಅದೂ ಒಂದು ಟ್ರೆಕ್ಕಾ?'

ಹೌದು, ಟ್ರೆಕ್ಕೇ. ಅಷ್ಟೇ ಅಲ್ಲ, ಕಾಲೇಜಿಗೆ ಹೊಸದಾಗಿ ಬಂದವರನ್ನು ಮೊದಲು ಕರೆದುಕೊಂಡು ಹೋಗಬೇಕಾದ ಟ್ರೆಕ್ ಇದೇ ಅನ್ನುವುದು ನಮ್ಮ ವಾದ.

ಈಗ ನಡೆಯುತ್ತಿರುವುದು ಏನು ನೋಡಿ. ಫಸ್ಟ್ ಸೆಮ್‌ನಲ್ಲಿ ಒಂದು ಲಾಂಗ್ ವೀಕೆಂಡ್ ಸಿಕ್ಕಿತು ಅಂದರೆ ಸಾಕು, ವಾಟ್ಸಾಪ್ ಗ್ರೂಪ್ ಶುರು. ಗುರಿ ಯಾವುದು? ಕುಮಾರಪರ್ವತ. 1,712 ಮೀಟರ್ ಎತ್ತರ, ರಾಜ್ಯದ ಕಷ್ಟದ ಚಾರಣಗಳಲ್ಲಿ ಒಂದು. ಹೊರಟವರಲ್ಲಿ ಅರ್ಧ ಜನ ಪಿಯುಸಿಯ ಎರಡು ವರ್ಷ ಬೆಳಿಗ್ಗೆಯಿಂದ ರಾತ್ರಿವರೆಗೆ ಕೋಚಿಂಗ್ ಕ್ಲಾಸಿನ ಬೆಂಚಿನ ಮೇಲೆ ಕೂತು ಬಂದವರು. ಮೊದಲ ಏರಲ್ಲೇ ಉಸಿರು ಕಟ್ಟುತ್ತದೆ. ಮುಂದಿರುವವರು ಮುಂದೆ ಹೋಗುತ್ತಾರೆ, ಹಿಂದುಳಿದವರಿಗೆ 'ಲಗೇಜ್' ಅಂತ ಹೆಸರು ಬೀಳುತ್ತದೆ. ಮುಂದಿನ ಟ್ರಿಪ್ಪಿಗೆ ಅವರನ್ನು ಯಾರೂ ಕರೆಯುವುದಿಲ್ಲ. ಕರೆದರೂ ಅವರು 'ಲ್ಯಾಬ್ ರೆಕಾರ್ಡ್ ಬರೀಬೇಕು' ಅನ್ನುತ್ತಾರೆ. ಹಾಸ್ಟೆಲಲ್ಲಿ ಗೆಳೆತನಗಳು ಗಟ್ಟಿಯಾಗುವುದು ಇದೇ ಮೊದಲ ತಿಂಗಳುಗಳಲ್ಲಿ. ಒಂದು ಬೆಟ್ಟ ಹತ್ತಲಾಗಲಿಲ್ಲ ಅನ್ನುವ ಕಾರಣಕ್ಕೆ ಒಬ್ಬರು ಆ ಬಳಗದಿಂದಲೇ ಹೊರಗೆ ಉಳಿಯುವುದು ಸಣ್ಣ ವಿಷಯ ಅಂತ ನಮಗೆ ಅನ್ನಿಸುವುದಿಲ್ಲ.

ಎಲ್ಲರೂ ಒಂದೇ ಬೆಟ್ಟಕ್ಕೆ ನುಗ್ಗಿದರೆ ಬೆಟ್ಟಕ್ಕೂ ಕಷ್ಟ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆಯೇ ಅರಣ್ಯ ಇಲಾಖೆ ಚಾರಣಗಳಿಗೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ತಂದದ್ದು.

ಇನ್ನು ನಮ್ಮ ಬೆಟ್ಟದ ಕಡೆ ಬನ್ನಿ. ಚಾಮುಂಡಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಸ್ವಲ್ಪ ಹೆಚ್ಚು. ಊರಿನಿಂದ ಲೆಕ್ಕ ಹಾಕಿದರೆ ಸುಮಾರು 300 ಮೀಟರ್ ಎತ್ತರ. ಪಾದದಿಂದ ತುದಿಗೆ ಹೆಚ್ಚುಕಡಿಮೆ 1,000 ಮೆಟ್ಟಿಲು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು. ಶುರುವಿನ ಇನ್ನೂರು ಮುನ್ನೂರು ಮೆಟ್ಟಿಲು ಕಡಿದು. ಅಲ್ಲೇ 'ನನ್ನ ಕೈಲಾಗಲ್ಲ' ಅನ್ನಿಸುವುದು. ಅದು ದಾಟಿದರೆ ಉಸಿರು ಒಂದು ಹದಕ್ಕೆ ಬರುತ್ತದೆ. ಮುಕ್ಕಾಲು ದಾರಿಯ ಹೊತ್ತಿಗೆ ಒಂದೇ ಬಂಡೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ನಂದಿ. ಅಲ್ಲಿ ಕೂತು ನೀರು ಕುಡಿದು ಹೊರಟರೆ ಉಳಿದದ್ದು ಸಲೀಸು. ನಿಧಾನಕ್ಕೆ ಹತ್ತಿದರೂ ಒಂದೂವರೆ ಗಂಟೆ ಸಾಕು. ಮಂಡಿ ನೋವು ಬಂತು ಅಂದರೆ ಇಳಿಯುವುದಕ್ಕೆ ಸಿಟಿ ಬಸ್ ಇದೆ. ಹೊಸಬರಿಗೆ ಇದಕ್ಕಿಂತ ಧೈರ್ಯ ಕೊಡುವ ವ್ಯವಸ್ಥೆ ಇನ್ನೇನು ಬೇಕು?

ವೇಗದ ಬಗ್ಗೆ ಜಂಬ ಇರುವವರು ಆಷಾಢದಲ್ಲಿ ಒಮ್ಮೆ ಈ ಮೆಟ್ಟಿಲುಗಳನ್ನು ನೋಡಬೇಕು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ, ಬರಿಗಾಲಲ್ಲಿ ತುದಿಯವರೆಗೂ ಹೋಗುತ್ತಾರೆ. ಸಾವಿರ ಮೆಟ್ಟಿಲು ಅಂದರೆ ಸಾವಿರ ಸಲ ಬಗ್ಗಿ ಎದ್ದ ಹಾಗಾಯಿತು. ಅವರಿಗೆ ಸ್ಮಾರ್ಟ್‌ವಾಚ್ ಇಲ್ಲ, ಟೈಮಿಂಗ್ ಇಲ್ಲ. ನಿಂತು ನಿಂತು ಹೋದರೂ ಬೆಟ್ಟ ಹತ್ತಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆ ನಿಲ್ಲುವುದರಲ್ಲಿ ಒಂದು ಲಾಭವೂ ಇದೆ. ನಿಂತು ತಿರುಗಿದರೆ ಊರೇ ಕಣ್ಣ ಮುಂದೆ, ಊರಿನ ನಡುವೆ ಕೆರೆಗಳು. ಹತ್ತಿರದಲ್ಲಿ, ಮರಗಳ ಮಧ್ಯೆ ಕಾಣುವುದು ಕಾರಂಜಿ ಕೆರೆ. ದೂರಕ್ಕೆ, ಪಡುವಣ ಕಡೆ ಮಾನಸಗಂಗೋತ್ರಿಯ ಪಕ್ಕ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಬೆಟ್ಟದ ಇನ್ನೊಂದು ಬದಿಯಲ್ಲಿ, ನಂಜನಗೂಡು ರಸ್ತೆಯ ಕಡೆ ದಳವಾಯಿ ಕೆರೆ. ಬೆಳಗಿನ ಬಿಸಿಲಿಗೆ ನೀರು ಹೊಳೆಯುವಾಗ ಫೋಟೋ ಚೆನ್ನಾಗಿ ಬರುತ್ತದೆ, ತೆಗೆಯಿರಿ. ಆದರೆ ಫೋಟೋ ಆದಮೇಲೆ ಐದು ನಿಮಿಷ ಇಂಜಿನಿಯರ್ ಕಣ್ಣಲ್ಲಿ ನೋಡಿ.

ಏರಿಯ ಮೇಲೆ ನಿಂತರೆ ಕಾಣುವುದು ಬರೀ ನೀರು. ಬೆಟ್ಟದ ಮೇಲಿಂದ ನೋಡಿದರೆ ನೆಲದ ಇಳಿಜಾರು ಯಾವ ಕಡೆಗಿದೆ, ಮಳೆ ನೀರು ಎಲ್ಲಿಂದ ಹರಿದು ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಾಗುತ್ತದೆ. ನಾವು ಕ್ಲಾಸಲ್ಲಿ ಕ್ಯಾಚ್‌ಮೆಂಟ್, ಸ್ಲೂಯಿಸ್, ವೇಸ್ಟ್ ವಿಯರ್ ಅಂತ ಬಾಯಿಪಾಠ ಮಾಡುತ್ತೇವಲ್ಲ, ಅದರಲ್ಲಿ ಸ್ಲೂಯಿಸ್ ಅಂದರೆ ನಮ್ಮ ಊರಿನ ತೂಬು, ವೇಸ್ಟ್ ವಿಯರ್ ಅಂದರೆ ಕೋಡಿ. ಡಿಗ್ರಿ ಇಲ್ಲದ ಜನ ಇವನ್ನೆಲ್ಲ ಲೆಕ್ಕ ಹಾಕಿ ಕಟ್ಟಿದ್ದರು.

ಕಾಣದೇ ಇರುವುದನ್ನೂ ಹುಡುಕಬೇಕು. ದಸರಾ ವಸ್ತುಪ್ರದರ್ಶನ ನಡೆಯುವ ಮೈದಾನದ ಹೆಸರೇನು? ದೊಡ್ಡಕೆರೆ ಮೈದಾನ. ಅಲ್ಲಿ ಒಂದು ಕಾಲಕ್ಕೆ ನಿಜಕ್ಕೂ ಕೆರೆ ಇತ್ತು. ಈಗ ಹೆಸರಷ್ಟೇ ಇದೆ. ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಎಷ್ಟೋ ಕಡೆ ಒತ್ತುವರಿಯಾಗಿ ಮುಚ್ಚಿಹೋಗಿದೆ. ದಳವಾಯಿ ಕೆರೆಗೆ ಮಳೆ ನೀರಿನ ಜೊತೆ ಚರಂಡಿ ನೀರೂ ಸೇರಿತು. ನಾಳೆ ಬಡಾವಣೆ, ರಸ್ತೆ, ಚರಂಡಿಗಳ ಡ್ರಾಯಿಂಗ್ ಮಾಡುವವರು ನಾವೇ. ಆ ಡ್ರಾಯಿಂಗಲ್ಲಿ ಒಂದು ಗೆರೆ ತಪ್ಪಿ ಬಿದ್ದರೆ ಯಾವ ಕೆರೆ ಒಣಗುತ್ತದೆ ಅನ್ನುವುದು ಸ್ಕ್ರೀನ್ ಮೇಲೆ ಕಾಣುವುದಿಲ್ಲ, ನಂದಿಯ ಹತ್ತಿರ ನಿಂತರೆ ಕಾಣುತ್ತದೆ.

'ಮೇಲೆ ತನಕ ರಸ್ತೆ ಇದೆಯಲ್ಲ, ಬೈಕಲ್ಲೇ ಹೋಗಿ ನೋಡಬಹುದಲ್ಲ?' ಅಂತ ಕೇಳಬಹುದು. ನೋಡಬಹುದು. ಆದರೆ ಗಾಡಿಯಲ್ಲಿ ಹೋದವರು ವ್ಯೂ ಪಾಯಿಂಟಲ್ಲಿ ಎರಡು ಸೆಲ್ಫಿ ತೆಗೆದು, ಚುರುಮುರಿ ತಿಂದು ಬರುತ್ತಾರೆ, ನಿಮಗೂ ಗೊತ್ತು. ಬೆಟ್ಟ ಎಷ್ಟು ಭಾರ ತಡೆಯುತ್ತದೆ ಅನ್ನುವ ಪ್ರಶ್ನೆಯೂ ಇದೆ. 2021ರ ಮಳೆಗೆ ನಂದಿಯ ರಸ್ತೆ ಕುಸಿದಿತ್ತು. ರೋಪ್‌ವೇ ಪ್ರಸ್ತಾಪ ಬಂದಾಗ ಊರಿನವರು ವಿರೋಧಿಸಿ, 2022ರಲ್ಲಿ ಅದು ಕೈಬಿಟ್ಟುಹೋಯಿತು. ನಡೆದು ಹತ್ತುವವರು ಹೆಚ್ಚಾದಷ್ಟೂ ಇಂಥ ಯೋಜನೆಗಳಿಗೆ ನೆಪ ಕಡಿಮೆ.

'ಅದು ದೇವಸ್ಥಾನದ ದಾರಿ, ಚಾಲೆಂಜ್ ಎಲ್ಲಿದೆ?' ಅನ್ನುವವರೂ ಇದ್ದಾರೆ. ಭಕ್ತಿ ಇದ್ದವರು ದರ್ಶನಕ್ಕೆ ಹೋಗಲಿ, ಇಲ್ಲದವರು ಹೊರಗೆ ಗಾಳಿ ಕುಡಿಯುತ್ತಾ ಕೂರಲಿ, ಮೆಟ್ಟಿಲು ಇಬ್ಬರಿಗೂ ಒಂದೇ. ಕುಮಾರಪರ್ವತಕ್ಕೆ ಹೋಗಲೇಬೇಡಿ ಅಂತ ನಾವು ಹೇಳುತ್ತಿಲ್ಲ. ಫೈನಲ್ ಇಯರ್ ಹೊತ್ತಿಗೆ ಹೋಗಿ, ಖುಷಿಯಾಗಿ ಹೋಗಿ. ಮೊದಲ ಹೆಜ್ಜೆಯೇ ಅದಾಗುವುದು ಬೇಡ ಅಷ್ಟೇ. ಗಣಿತದಲ್ಲಿ ಮೊದಲ ದಿನವೇ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಯಾರೂ ಹೇಳಿಕೊಡುವುದಿಲ್ಲವಲ್ಲ!

ಹಾಗಾಗಿ ನಮ್ಮ ಸಲಹೆ ಇದು. ಪ್ರತಿ ವರ್ಷ ಮೊದಲ ಇಂಟರ್ನಲ್ಸ್ ಮುಗಿದ ಭಾನುವಾರ, ಎಲ್ಲ ಬ್ರಾಂಚಿನ ಹೊಸಬರಿಗೂ ಸೇರಿ ಒಂದು ಅರ್ಧ ದಿನದ ನಡಿಗೆ. ಬೆಳಿಗ್ಗೆ ಆರಕ್ಕೆ ಪಾದದ ಹತ್ತಿರ ಸೇರಿ, ಒಂಬತ್ತರೊಳಗೆ ಮೇಲೆ ಹೋಗಿ, ಇಳಿದು ಬಂದು, ಶಕ್ತಿ ಉಳಿದವರು ಕುಕ್ಕರಹಳ್ಳಿ ಏರಿಯ ಮೇಲೆ ಒಂದು ಸುತ್ತು. ಮೇಲಿಂದ ನೋಡಿದ ಕೆರೆಯನ್ನು ಹತ್ತಿರದಿಂದಲೂ ನೋಡಿದ ಹಾಗಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮೆಸ್‌ನಲ್ಲಿ.

ನಿಯಮ ನಾಲ್ಕೇ. ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ. ಅವರನ್ನು ಯಾರೂ ದಾಟುವ ಹಾಗಿಲ್ಲ. ಬ್ಲೂಟೂತ್ ಸ್ಪೀಕರ್ ರೂಮಲ್ಲೇ ಇರಲಿ. ಒಂದು ಲೀಟರ್ ನೀರು, ಹಿಡಿತ ಇರುವ ಶೂ ಕಡ್ಡಾಯ. ಮಳೆ ಬಂದಾಗ ಕಲ್ಲು ಜಾರುತ್ತದೆ. ತಂದ ಪ್ಲಾಸ್ಟಿಕ್ ಬ್ಯಾಗಲ್ಲೇ ವಾಪಸ್ಸು. ತಿಂಡಿ ಕೈಯಲ್ಲಿ ಹಿಡಿದು ಹೋದರೆ ಕೋತಿಗಳ ಪಾಲು. ಆಷಾಢ ಶುಕ್ರವಾರದ ಜನಜಾತ್ರೆಯಲ್ಲಿ ಮಾತ್ರ ಬೇಡ.

ಸೀನಿಯರ್‌ಗಳೇ, ಇದನ್ನು ನಡೆಸಬೇಕಾದವರು ನೀವು. ನಿಮ್ಮ ವಿಂಗಿನಲ್ಲಿ ಇನ್ನೂ ಯಾರ ಜೊತೆಗೂ ಸೇರದ, ಊಟಕ್ಕೂ ಒಬ್ಬರೇ ಹೋಗುವ ಜೂನಿಯರ್ ಒಬ್ಬರು ಇದ್ದೇ ಇರುತ್ತಾರೆ. ಪಟ್ಟಿಯಲ್ಲಿ ಮೊದಲು ಅವರ ಹೆಸರು ಬರೆಯಿರಿ.